ರಜೆ ಅರ್ಜಿಯ ಮೇಲಿನ ಸಹಿ

ಮಾನ್ಯ ಸಂಪಾದಕರೇ,

2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ರಾಜ್ಯದ ಪೊಲೀಸ್ ಸಿಬ್ಬಂದಿ ಮುಂದಾದಾಗ ಕಡಿಮೆ ಸಂಬಳದ ಜೊತೆಗೆ ರಜೆ ಸಿಗದಿರುವುದು, ಮೇಲಧಿಕಾರಿಗಳ ಕಿರುಕುಳ, ಅವರ ಮನೆಗಳಲ್ಲಿನ ಆರ್ಡರ್ಲಿ ಚಾಕರಿ ಇವೂ ದೂರುಗಳಲ್ಲಿ ಸೇರಿದ್ದವು. ಪೊಲೀಸರ ವೇತನವನ್ನು ಪರಿಶೀಲಿಸಿದ್ದ ಔರಾದ್ಕರ್ ಸಮಿತಿಯ ವರದಿಯನ್ನು ಆಧರಿಸಿ 2019ರಲ್ಲಿ ವೇತನ ಪರಿಷ್ಕರಣೆಯ ಆದೇಶವೇನೋ ಹೊರಬಿತ್ತು. ಆದರೆ ಇನ್‌ಸ್ಪೆಕ್ಟರ್ ತಮ್ಮ ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಸಂಬಳದ ಆದೇಶದಿಂದ ಸರಿಹೋಗುವಂಥದ್ದಲ್ಲ. ಮೂರು ದಶಕ ಖಾಕಿ ತೊಟ್ಟು ನಿವೃತ್ತನಾದ ನನಗೆ, ಕೆಲಸದ ಮೇಲೆ ಮನಸ್ಸು ನಿಲ್ಲುವುದೂ ಕೆಡುವುದೂ ಅಲ್ಲಿಯೇ ಎಂದು ಅನ್ನಿಸಿದೆ.

ನಾನಿದ್ದ ಒಂದು ಠಾಣೆಯಲ್ಲಿ ಬೆಳಗಿನ ರೋಲ್ ಕಾಲ್ ಎಂದರೆ ಬೈಗುಳವೇ. ತಂಗಿಯ ಮದುವೆಗೆಂದು ಹದಿನೈದು ದಿನ ಮೊದಲೇ ಕೊಟ್ಟಿದ್ದ ನನ್ನ ರಜೆ ಅರ್ಜಿ ಸಾಹೇಬರ ಮೇಜಿನ ಗಾಜಿನ ಕೆಳಗೆ ಸಹಿಯಿಲ್ಲದೆ ಉಳಿದಿತ್ತು. ಹಿಂದಿನ ಸಂಜೆ ಕೇಳಿದರೆ, ‘ಬಂದೋಬಸ್ತ್ ಇದೆ, ನೋಡೋಣ’ ಎಂದರು. ಧಾರೆಯ ಹೊತ್ತಿಗೆ ನಾನು ಸಚಿವರೊಬ್ಬರ ಕಾರಿನ ದಾರಿ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದೆ. ಅದಾದ ಮೇಲೆ ಬೀಟ್‌ಗೆ ಹೋದರೂ ಪುಸ್ತಕಕ್ಕೆ ಸಹಿ ಹಾಕಿ ಬರುತ್ತಿದ್ದೆನೇ ಹೊರತು ಓಣಿಯೊಳಗೆ ಕಾಲಿಡುತ್ತಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳಲು ಸಂಕೋಚವೇನಿಲ್ಲ.

ಅವರ ನಂತರ ಬಂದ ಇನ್‌ಸ್ಪೆಕ್ಟರ್ ಮೆತ್ತಗಿನವರೇನಲ್ಲ, ತಪ್ಪು ಮಾಡಿದವರಿಗೆ ಮೆಮೊ ಕೊಡದೆ ಬಿಟ್ಟವರೂ ಅಲ್ಲ. ಆದರೆ ವಾರದ ರಜೆಯ ಪಟ್ಟಿಯನ್ನು ಭಾನುವಾರ ಸಂಜೆಯೇ ಠಾಣೆಯ ದಾಖಲೆ ಬರೆದಿಡುವ ರೈಟರ್‌ನ ಕೋಣೆಯ ಗೋಡೆಗೆ ಅಂಟಿಸುತ್ತಿದ್ದರು. ಯಾರದಾದರೂ ರಜೆ ಬಂದೋಬಸ್ತ್‌ಗೆ ಹೋದರೆ ಬದಲಿ ದಿನವನ್ನು ಅಲ್ಲೇ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಗಣೇಶ ವಿಸರ್ಜನೆಯ ರಾತ್ರಿ ಎರಡು ಗಂಟೆಗೆ ಬಂದ ಚಿತ್ರಾನ್ನದ ಪೊಟ್ಟಣವನ್ನು, ಕೊನೆಯ ಪಾಯಿಂಟಿನ ಗೃಹರಕ್ಷಕನಿಗೂ ಸಿಕ್ಕಿತೇ ಎಂದು ವಿಚಾರಿಸಿದ ಮೇಲೆಯೇ ಬಿಚ್ಚಿದ್ದರು. ಅವರಿದ್ದಷ್ಟು ದಿನ ಗಸ್ತಿನಲ್ಲಿ ಕಂಡದ್ದನ್ನು, ಯಾರೂ ಕೇಳದಿದ್ದರೂ, ನಾವೇ ಹೋಗಿ ಹೇಳುತ್ತಿದ್ದೆವು. ಹನ್ನೊಂದೇ ತಿಂಗಳಿಗೆ ಅವರಿಗೆ ವರ್ಗವಾಯಿತು!

ಠಾಣಾಧಿಕಾರಿಗೆ ಕನಿಷ್ಠ 2 ವರ್ಷದ ಅವಧಿ ಇರಬೇಕೆಂದು ಪೊಲೀಸ್ ಸುಧಾರಣೆ ಕೋರಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ನಿರ್ದೇಶಿಸಿದೆ. ಅದನ್ನು ಪಾಲಿಸುವುದರ ಜೊತೆಗೆ, ಇನ್‌ಸ್ಪೆಕ್ಟರ್‌ಗಳ ಕೆಲಸವನ್ನು ಅಳೆಯುವಾಗ ಪತ್ತೆಯಾದ ಪ್ರಕರಣಗಳನ್ನು ಎಣಿಸುವಂತೆಯೇ ಅವರ ಠಾಣೆಯಲ್ಲಿ ಎಷ್ಟು ವಾರದ ರಜೆ ರದ್ದಾದವು, ಎಷ್ಟಕ್ಕೆ ಬದಲಿ ದಿನ ಸಿಕ್ಕಿತು ಎಂಬುದನ್ನೂ ಎಸ್‌ಪಿಗಳು ಎಣಿಸಲಿ. ಇದಕ್ಕಾಗಿ ಹೊಸ ಲೆಕ್ಕ ಇಡಬೇಕಿಲ್ಲ. ರೈಟರ್‌ನನ್ನು ಕೇಳಿದರೆ ಸಾಕು.

– ನಿವೃತ್ತ ಹೆಡ್ ಕಾನ್‌ಸ್ಟೆಬಲ್, ದಾವಣಗೆರೆ