ಸ್ವಾತಂತ್ರ್ಯ ಕೊಟ್ಟವರು ಯಾರು?

ಪ್ರೀತಿಯ ಪುಟ್ಟಿ,

"ಅಪ್ಪ ಅಮ್ಮ ನನಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದಾರೆ" ಅಂತ ಚಿಕ್ಕಮ್ಮನ ಹತ್ತಿರ ಹೇಳಿದೆಯಂತೆ. ಕೇಳಿ ಖುಷಿಯಾಯಿತು. ಆದರೆ ಆ ಮಾತು ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ. ಕೊಟ್ಟವರು ನಾವು ಅಂತಾದರೆ, ನಾಳೆ ವಾಪಸ್ ಕಿತ್ತುಕೊಳ್ಳೋ ಅಧಿಕಾರವೂ ನಮಗೇ ಇರುತ್ತದೆ, ಅಲ್ವಾ?

ನಿನ್ನ ಬಸ್ಸು ದಿನಾ ಫ್ರೀಡಂ ಪಾರ್ಕ್ ದಾಟಿ ಹೋಗುತ್ತದಲ್ಲ, ಅದು ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದರು. ಅವರನ್ನು ಹಿಡಿದು ಅಲ್ಲಿಟ್ಟರು. ನಟಿ ಸ್ನೇಹಲತಾ ರೆಡ್ಡಿಯವರನ್ನೂ ಅಲ್ಲೇ ಇಟ್ಟಿದ್ದರು. ಆಸ್ತಮಾ ಇತ್ತು ಆ ತಾಯಿಗೆ. ಸೆರೆಯಲ್ಲಿ ಅದು ಉಲ್ಬಣವಾಗಿ, 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಸ್ವಲ್ಪ ದಿನಕ್ಕೇ ತೀರಿಕೊಂಡರು. ಅವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ದೇಶದ ಉದ್ದಗಲಕ್ಕೂ ಹೀಗೆ ಒಳಗಿದ್ದವರು ಕೋರ್ಟಿಗೆ ಹೋದರು. ಯಾವ ಕಾನೂನಿನ ಪ್ರಕಾರ ನಮ್ಮನ್ನು ಇಟ್ಟಿದ್ದೀರಿ, ತೋರಿಸಿ ಅಂದರು. ನಮ್ಮ ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳು ಕೇಳುತ್ತೇವೆ ಅಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜೀವದ, ಸ್ವಾತಂತ್ರ್ಯದ ಹಕ್ಕು ಇರುವುದು ಸಂವಿಧಾನದ 21ನೇ ವಿಧಿಯಲ್ಲಿ, ಅದನ್ನು ಹಿಡಿದು ಕೋರ್ಟಿಗೆ ಬರುವುದಕ್ಕೆ ಈಗ ತಡೆ ಇದೆ, ಹಾಗಾಗಿ ಯಾರೂ ಕೇಳುವಂತಿಲ್ಲ. ಇದು ಅದರ ವಾದ. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಕೇಳುವಂತಿಲ್ಲವೇ ಅಂತ ನ್ಯಾಯಮೂರ್ತಿ ಹೆಚ್.ಆರ್. ಖನ್ನಾ ಅಟಾರ್ನಿ ಜನರಲ್‌ರನ್ನು ಕೇಳಿದರು. ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಅಂತ ಉತ್ತರ ಬಂತು. ಕೋರ್ಟಿನೊಳಗೆ ನಿಂತು ಹೇಳಿದ ಮಾತು ಪುಟ್ಟಿ ಇದು!

1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಒಪ್ಪಲಿಲ್ಲ. 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವಕ್ಕೂ ಸ್ವಾತಂತ್ರ್ಯಕ್ಕೂ ಕೈ ಹಾಕುವಂತಿಲ್ಲ ಅಂತ ಬರೆದರು. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರನ್ನು ದಾಟಿ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟು ಹೊರಬಂದರು.

ಆ ತೀರ್ಪನ್ನು ಕಿತ್ತುಹಾಕಲು 2017ರ ಆಗಸ್ಟ್ ಬರಬೇಕಾಯಿತು. ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅಷ್ಟು ವಯಸ್ಸಾದ ಹಿರಿಯರು. ಅವರ ಕೇಸಿನಲ್ಲೇ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖನ್ನಾ ಅವರ ಮಾತು ಸರಿ ಅಂದಿತು. ಜೀವ, ಸ್ವಾತಂತ್ರ್ಯ ಸಂವಿಧಾನ ಸೃಷ್ಟಿಸಿದ್ದಲ್ಲ, ಅವು ಮನುಷ್ಯರಿಗೆ ಹುಟ್ಟಿನಿಂದಲೇ ಇರುವಂಥವು, ಸಂವಿಧಾನ ಅವನ್ನು ಗುರುತಿಸುತ್ತದೆ. ಹೀಗೆಂದು ಬರೆದವರು, 1976ರ ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಮಗ!

ಇಷ್ಟುದ್ದ ಬರೆದದ್ದು ಸುಮ್ನೆ ಅಲ್ಲ. ಹೋದ ವಾರ ಹುಡುಗನ ಮನೆಯವರು ಬಂದಿದ್ದರು. "ಮದುವೆಯಾದ ಮೇಲೂ ಕೆಲಸಕ್ಕೆ ಕಳಿಸ್ತೀವಿ, ನಮ್ಮದೇನೂ ಅಭ್ಯಂತರ ಇಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ದುಡಿಯುವವಳು ನೀನು, ಅವರು ಕಳಿಸೋದೇನು? ಅಪ್ಪ ಏನೋ ಹೇಳೋಕೆ ಹೊರಟರು. ನಾನೇ ಮಧ್ಯೆ ಬಾಯಿ ಹಾಕಿ, "ಅದನ್ನು ಅವಳ ಹತ್ತಿರವೇ ಮಾತಾಡಿ" ಅಂದೆ. ಭಾನುವಾರ ನಿನಗೆ ಫೋನ್ ಮಾಡುತ್ತಾರೆ. ಮಾತಾಡೋಕೆ ಇಷ್ಟವಿಲ್ಲದಿದ್ದರೆ ಶನಿವಾರದೊಳಗೆ ತಿಳಿಸು, ನಾನು ಅವರಿಗೆ ಹೇಳುತ್ತೇನೆ.

ನಿನ್ನ
ಅಮ್ಮ