ಬೆಟ್ಟದ ಮನೆ: ಮುಂಗಡಕ್ಕೆ ಮೊದಲು ಸೆಪ್ಟಿಕ್ ಟ್ಯಾಂಕ್ ತೋರಿಸಿ

ಸಂಪಾದಕರಿಗೆ,

ಬೆಟ್ಟದ ಮೇಲಿನ ಮನೆ ನೋಡಲು ಬಂದವರು ನೋಟ, ರಸ್ತೆ, ಕುಡಿಯುವ ನೀರು, ದಾಖಲೆ ಎಲ್ಲವನ್ನೂ ವಿಚಾರಿಸುತ್ತಾರೆ. ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಅಪರೂಪ. ಕೇಳಿದರೂ ‘ಕೆಳಗಡೆ ಎಲ್ಲೋ ಟ್ಯಾಂಕ್ ಇದೆ’ ಎಂಬ ಉತ್ತರಕ್ಕೆ ಸುಮ್ಮನಾಗುತ್ತಾರೆ. ಆಸ್ತಿ ವ್ಯವಹಾರ ಮಾಡಿಸುವ ನಮ್ಮವರೂ ಅದೇ ಉತ್ತರವನ್ನು ದಾಟಿಸಿಬಿಡುತ್ತಾರೆ. ಇದು ಸರಿಯಲ್ಲ. ಟ್ಯಾಂಕ್ ಪತ್ತೆಯಾಗಿ, ಮುಚ್ಚಳ ತೆಗೆದು ಒಳಗಿನ ಸ್ಥಿತಿ ನೋಡುವವರೆಗೆ ಮುಂಗಡ ಕೊಡಲೂಬಾರದು, ತೆಗೆದುಕೊಳ್ಳಲೂಬಾರದು.

ಸಮತಟ್ಟು ನೆಲದಲ್ಲಿ ಊಹೆ ನಡೆಯುತ್ತದೆ. ಗೋಡೆಯಿಂದ ಮೂರರಿಂದ ಐದು ಮೀಟರ್ ಆಚೆ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ. ಮನೆ ವಿಸ್ತರಿಸುವಾಗ ಮೇಲಿನ ಬದಿಯ ಮಣ್ಣು ಕಡಿದು ಕೆಳಗಿನ ಬದಿಗೆ ತುಂಬುತ್ತಾರೆ. ಒಂದಡಿ ಆಳದಲ್ಲಿದ್ದ ಮುಚ್ಚಳ ನಾಲ್ಕಡಿ ಕೆಳಗೆ ಹೋಗಿರುತ್ತದೆ, ಅದರ ಮೇಲೆ ತೋಟವೋ ಕಾರು ನಿಲ್ಲಿಸುವ ಕಾಂಕ್ರೀಟೋ ಬಂದಿರುತ್ತದೆ. ಮನೆ ರಸ್ತೆಗಿಂತ ತಗ್ಗಿನಲ್ಲಿದ್ದರೆ ಮಲಿನ ನೀರನ್ನು ಪಂಪ್ ಮಾಡಿ ಮೇಲಿನ ಟ್ಯಾಂಕಿಗೆ ಬಿಟ್ಟಿರಲೂಬಹುದು. ಆದ್ದರಿಂದ ಕೆಳಬದಿಯನ್ನಷ್ಟೇ ಅಗೆದು ಪ್ರಯೋಜನವಿಲ್ಲ.

ಹುಡುಕಾಟ ಮನೆಯೊಳಗಿಂದ ಶುರುವಾಗಲಿ. ಅತಿ ಕೆಳಗಿನ ಶೌಚಾಲಯದ ಪೈಪ್ ಯಾವ ಗೋಡೆಯಿಂದ ಹೊರಬೀಳುತ್ತದೆ, ಹೊರಗಿನ ಮೊದಲ ಚೇಂಬರ್ ಎಲ್ಲಿದೆ ನೋಡಿ. ಚೇಂಬರಿನಲ್ಲಿ ಪೈಪಿನ ತಳದ ಆಳ ಅಳೆಯಿರಿ. ನಾಲ್ಕಿಂಚಿನ ಪೈಪನ್ನು 1:50 ಇಳಿಜಾರಿನಲ್ಲಿ ಹಾಕಿದ್ದರೆ ಐದು ಮೀಟರ್ ಆಚೆ ಅದು ಹತ್ತು ಸೆಂಟಿಮೀಟರ್ ತಗ್ಗಿರುತ್ತದೆ. ಟ್ಯಾಂಕಿನ ಆಳದ ಅಂದಾಜು ಅಲ್ಲೇ ಸಿಕ್ಕಿತು. ತೀರಾ ಕಡಿದಾದ ಜಾಗದಲ್ಲಿ ನಡುವೆ ಡ್ರಾಪ್ ಚೇಂಬರ್ (ಪೈಪನ್ನು ನೇರ ಕೆಳಮಟ್ಟಕ್ಕೆ ಇಳಿಸುವ ಗುಂಡಿ) ಇರುವುದರಿಂದ ಈ ಲೆಕ್ಕ ಕೈಕೊಡುತ್ತದೆ. ಆಗ ಪೈಪಿನೊಳಗೆ ಬಗ್ಗುವ ಕ್ಯಾಮೆರಾ ಬಿಡುವುದೇ ಒಳ್ಳೆಯದು. ಅದರ ತಲೆಯಲ್ಲಿ 512 ಹರ್ಟ್ಸ್ ಸಂಕೇತ ಕೊಡುವ ಟ್ರಾನ್ಸ್‌ಮಿಟರ್ ಇದ್ದರೆ, ಮೇಲೆ ನಡೆಯುವವರು ರಿಸೀವರ್ ಹಿಡಿದು ಜಾಗವನ್ನೂ ಆಳವನ್ನೂ ಗುರುತಿಸಬಹುದು. ಪೈಪಿಗೆ ಬರೀ ಸ್ಟೀಲ್ ಟೇಪ್ ತೂರಿಸಿದರೆ ದೂರ ಗೊತ್ತಾಗುತ್ತದೆ, ದಿಕ್ಕು ಗೊತ್ತಾಗುವುದಿಲ್ಲ.

ಉಪಕರಣ ಇಲ್ಲದಿದ್ದರೆ ಹತ್ತು–ಹನ್ನೆರಡು ಮಿಲಿಮೀಟರ್ ದಪ್ಪದ, ನಾಲ್ಕಡಿ ಉದ್ದದ ಸಲಾಕೆಗೆ ಅಡ್ಡಹಿಡಿ ಹಾಕಿಸಿ, ಅಡಿಗೊಂದರಂತೆ ನಿಧಾನವಾಗಿ ಒತ್ತುತ್ತಾ ಹೋಗಬೇಕು. ಬೆಟ್ಟದ ನೆಲದಲ್ಲಿ ಕಲ್ಲು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅಕ್ಕಪಕ್ಕದ ನಾಲ್ಕೈದು ಕಡೆ ಒಂದೇ ಆಳಕ್ಕೆ ಸಲಾಕೆ ತಡೆದರೆ ಅದು ಚಪ್ಪಡಿ, ಆಳ ಏರುಪೇರಾದರೆ ಬಂಡೆ. ಸುತ್ತಿಗೆಯಿಂದ ಬಡಿಯಬೇಡಿ, ಹಳೆಯ ಪೈಪ್ ಒಡೆಯುತ್ತದೆ. ನೆಲದಡಿಯ ವಿದ್ಯುತ್ ಕೇಬಲ್ ಎಲ್ಲಿ ಹೋಗಿದೆ ಎಂದು ಮೊದಲೇ ತಿಳಿದುಕೊಳ್ಳಿ. ಲೋಹಶೋಧಕ ಕಬ್ಬಿಣದ ಸರಳು ಹಾಕಿದ ಸ್ಲ್ಯಾಬನ್ನು ಮಾತ್ರ ತೋರಿಸುತ್ತದೆ. ಕಲ್ಲು ಚಪ್ಪಡಿ ಮುಚ್ಚಿದ್ದರೆ ಅದು ಸುಮ್ಮನಿರುತ್ತದೆ.

ಟ್ಯಾಂಕ್ ಸಿಕ್ಕ ಮೇಲೆ ಅದರ ಮೇಲೆ ನಿಲ್ಲಬೇಡಿ, ಹಳೆಯ ಸ್ಲ್ಯಾಬ್ ಕುಸಿಯುತ್ತದೆ. ಒಳಗೆ ತಲೆ ಬಗ್ಗಿಸುವುದಾಗಲಿ, ಬೆಂಕಿಕಡ್ಡಿ ಗೀರುವುದಾಗಲಿ ಬೇಡವೇ ಬೇಡ: ಹೈಡ್ರೋಜನ್ ಸಲ್ಫೈಡ್ ಕ್ಷಣಾರ್ಧದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಮೀಥೇನ್ ಹೊತ್ತಿಕೊಳ್ಳುತ್ತದೆ. ಯಾರನ್ನೂ ಒಳಗೆ ಇಳಿಸಕೂಡದು. ನೀರಿನ ಮಟ್ಟ ಹೊರಹೋಗುವ ಪೈಪಿನ ತಳಕ್ಕೆ ಸರಿಯಾಗಿರಬೇಕು. ಅದಕ್ಕಿಂತ ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ, ಇಲ್ಲವೇ ಈಚೆಗೆ ಖಾಲಿ ಮಾಡಿಸಿದ್ದಾರೆ. ಮೇಲಿದ್ದರೆ ಇಂಗುಗುಂಡಿ, ಅಂದರೆ ಟ್ಯಾಂಕಿನಿಂದ ಹೊರಬಂದ ನೀರನ್ನು ಮಣ್ಣಿಗೆ ಇಂಗಿಸುವ ಗುಂಡಿ, ನೀರು ಕುಡಿಯುತ್ತಿಲ್ಲ. ಮನೆ ತೋರಿಸುವ ಮುನ್ನಾದಿನ ಟ್ಯಾಂಕ್ ಖಾಲಿ ಮಾಡಿಸಿದರೆ ಈ ಎರಡೂ ದೋಷ ಕಣ್ಣಿಗೆ ಬೀಳುವುದಿಲ್ಲ. ಮತ್ತೆ ತುಂಬುವವರೆಗೆ ಕಾಯಿರಿ. ಹೊರಪೈಪಿನ ಬಾಯಿಗೆ ‘ಟಿ’ (T ಆಕಾರದ ಪೈಪ್ ತುಂಡು) ಇದೆಯೇ ನೋಡಿ. ಅದು ಕಳಚಿದ್ದರೆ ಮೇಲೆ ತೇಲುವ ಜಿಡ್ಡಿನ ಕೆನೆ ನೇರ ಇಂಗುಗುಂಡಿಗೆ ಹೋಗಿ ಮಣ್ಣಿನ ರಂಧ್ರ ಕಟ್ಟುತ್ತದೆ. ಹೂಳು ಮತ್ತು ಕೆನೆ ಸೇರಿ ಟ್ಯಾಂಕಿನ ಮೂರನೇ ಒಂದು ಭಾಗವಾಗಿದ್ದರೆ ಖಾಲಿ ಮಾಡಿಸುವ ಕಾಲ ಬಂದಿದೆ.

ದೊಡ್ಡ ಖರ್ಚು ಇರುವುದು ಇಂಗುಗುಂಡಿಯಲ್ಲಿ. ಅದರ ತಳಕ್ಕೂ ಬಂಡೆಗೂ ನಡುವೆ ಕನಿಷ್ಠ ಒಂದು ಮೀಟರಾದರೂ ಮಣ್ಣು ಬೇಕು. ಮಣ್ಣಿಲ್ಲದಿದ್ದರೆ ಕೊಳಚೆ ಸೋಸದೆಯೇ ಬಂಡೆಯ ಬಿರುಕು ಹಿಡಿದು ಕೆಳಗಿನ ಒರತೆಗೆ ಸೇರುತ್ತದೆ; ಒರತೆ ನೂರಡಿ ದೂರವಿದೆ ಎಂಬ ಧೈರ್ಯಕ್ಕೆ ಅಲ್ಲಿ ಅರ್ಥವಿಲ್ಲ. ಅನುಮಾನವಿದ್ದರೆ ಫ್ಲೋರೆಸಿನ್ ಎಂಬ ಹೊಳೆಯುವ ಹಸಿರು ಬಣ್ಣ ಕಲಸಿದ ನೀರನ್ನು ಕಕ್ಕಸಿನಲ್ಲಿ ಹರಿಸಿ, ಕೆಳಗಿನ ತಡೆಗೋಡೆ, ರಸ್ತೆಗೆ ಕಡಿದ ದರೆ, ಒರತೆಗಳನ್ನು ಹಲವು ದಿನ ಗಮನಿಸಬೇಕು. ಮಳೆಯಿಲ್ಲದಾಗಲೂ ತಡೆಗೋಡೆ ಒದ್ದೆಯಾಗಿದ್ದರೆ ಇಂಗುಗುಂಡಿಯ ನೀರು ಅಲ್ಲಿ ಹೊರಬರುತ್ತಿರಬಹುದು. ಹಾಗೆ ನೆನೆದ ಮಣ್ಣು ಮಳೆಗಾಲದಲ್ಲಿ ಜಾರುವ ಅಪಾಯ ಹೆಚ್ಚು.

ಸಕ್ಕಿಂಗ್ ಯಂತ್ರದ ಲಾರಿ ನಿಲ್ಲುವ ಜಾಗದಿಂದ ಟ್ಯಾಂಕಿನ ತಳಕ್ಕೆ ಎಷ್ಟು ಇಳಿತ ಎಂದೂ ಅಳೆಸಿ. ನೀರನ್ನು ಹೀರಿ ಎತ್ತುವ ಮಿತಿ ಸಮುದ್ರಮಟ್ಟದಲ್ಲೇ 10.3 ಮೀಟರ್; 1500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಅದು ಸುಮಾರು 8.6ಕ್ಕೆ ಇಳಿಯುತ್ತದೆ. ದಪ್ಪ ಹೂಳಿಗೆ ಇನ್ನೂ ಕಡಿಮೆ. ರಸ್ತೆ ತುಂಬ ಮೇಲಿದ್ದರೆ ಲಾರಿ ಬಂದೂ ಬರಿಗೈಯಲ್ಲಿ ಹೋಗುತ್ತದೆ.

ಕೊನೆಯದಾಗಿ ದಾಖಲೆ. ಮನೆಯ ಎರಡು ಮೂಲೆಗಳಿಂದ ಮುಚ್ಚಳದ ನಡುವಿಗೆ ಇರುವ ದೂರ, ಮುಚ್ಚಳದ ಆಳ, ಇಂಗುಗುಂಡಿಯ ಜಾಗ ಇಷ್ಟನ್ನೂ ನಕ್ಷೆಯಲ್ಲಿ ಬರೆದು ಕರಾರುಪತ್ರಕ್ಕೆ ಲಗತ್ತಿಸಿ. ಜಮೀನು ಹೋಳಾಗಿ ಮಾರಾಟವಾದ ಕಡೆ ಇಂಗುಗುಂಡಿ ಪಕ್ಕದವರ ಪಾಲಿಗೆ ಹೋಗಿರುವುದುಂಟು. ಅಂಥಲ್ಲಿ ಅದನ್ನು ಬಳಸುವ, ದುರಸ್ತಿ ಮಾಡುವ ಹಕ್ಕು ಲಿಖಿತವಾಗಿ ನೋಂದಣಿಯಾಗಬೇಕು. ಅಗೆಯುವ ಖರ್ಚನ್ನು ಮಾರುವವರೇ ಭರಿಸಲಿ. ಭರಿಸಲು ಒಪ್ಪದಿದ್ದರೆ ಹೊಸ ಟ್ಯಾಂಕ್ ಮತ್ತು ಇಂಗುಗುಂಡಿಯ ವೆಚ್ಚವನ್ನು ಬೆಲೆಯಲ್ಲಿ ಕಳೆದೇ ಮಾತುಕತೆಗೆ ಕೂರುವಂತೆ ಮಧ್ಯವರ್ತಿಗಳು ಗಿರಾಕಿಗಳಿಗೆ ಹೇಳಬೇಕು.

– ಆಸ್ತಿ ಮಾರಾಟ ಮಧ್ಯವರ್ತಿ