ಮುಂದಿನ ಗಾಡಿ ಯಾವುದೆಂದು ಬಿಡದಿಗೂ ಮೊದಲೇ ಗೊತ್ತಾಗಲಿ

ಕರ್ನಾಟಕದ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಟೊಯೊಟಾ ಕಾರ್ಖಾನೆಯಿರುವ ಬಿಡದಿ ಕಡೆಯ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಲೇತ್ ಕೆಲಸ ಮಾಡುವವನು. ಹೋದ ತಿಂಗಳು ಪರಿಚಯದವರ ಗ್ಯಾರೇಜಿಗೆ ಹೋಗಿದ್ದೆ. ಟೊಯೊಟಾದ ಎರಡು ಇನ್ನೋವಾ ಪಕ್ಕಪಕ್ಕದ ಲಿಫ್ಟ್ ಮೇಲಿದ್ದವು, ಒಂದು ಕ್ರಿಸ್ಟಾ, ಇನ್ನೊಂದು ಹೈಕ್ರಾಸ್. ಕ್ರಿಸ್ಟಾ ಅಡಿಯಲ್ಲಿ ದಪ್ಪನೆಯ ಚಾಸಿ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಅದರ ತುದಿಗೆ ಆ ಶಕ್ತಿಯನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಕುಂಬಳಕಾಯಿಯಂಥ ಡಿಫರೆನ್ಷಿಯಲ್. ಹೈಕ್ರಾಸ್ ಕೆಳಗೆ ಹೋಗಿ ನೋಡಿದರೆ ಇದ್ಯಾವುದೂ ಇಲ್ಲ. ಅದರಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಡೀಸೆಲ್ ಎಂಜಿನ್ನೂ ಅದಕ್ಕಿಲ್ಲ. ಆ ಉದ್ದದ ಶಾಫ್ಟನ್ನು ಜೋಡಿಸುವ ಯೋಕ್, ಫ್ಲಾಂಜ್ ಟರ್ನಿಂಗ್ ಮಾಡಿ ಬದುಕುವವನು ನಾನು. ಸುಮಾರು ಹೊತ್ತು ಅಲ್ಲೇ ನಿಂತುಬಿಟ್ಟೆ.

ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಮೂರೂ ಟೊಯೊಟಾದ ಐಎಂವಿ ಅನ್ನೋ ಪ್ಲಾಟ್‌ಫಾರ್ಮಿನವು, ಅಂದರೆ ಹಲವು ಗಾಡಿಗಳನ್ನು ಕಟ್ಟುವ ಒಂದೇ ಬುನಾದಿ. ಥಾಯ್ಲೆಂಡ್, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾದಲ್ಲೂ ಇದೇ ಬುನಾದಿಯ ಗಾಡಿಗಳು ತಯಾರಾಗುತ್ತವೆ. 2022ರ ಕೊನೆಗೆ ಬಂದ ಹೈಕ್ರಾಸ್ ಟಿಎನ್‌ಜಿಎ ಅನ್ನೋ ಬೇರೆಯದೇ ಪ್ಲಾಟ್‌ಫಾರ್ಮಿನದು. ಯಾವ ದೇಶಕ್ಕೆ ಯಾವ ಗಾಡಿ ಅನ್ನೋದನ್ನು ಜಪಾನಿನಲ್ಲಿ ಕೂತು ತೀರ್ಮಾನಿಸುತ್ತಾರೆ. ಕಂಪನಿ ಅವರದು, ಲೆಕ್ಕ ಹಾಕಲಿ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಬಿಡದಿ ಕಂಡಿದ್ದನ್ನು ನೆನೆಸಿಕೊಳ್ಳಿ. ನಮ್ಮ ದೇಶಕ್ಕೆಂದೇ ರೂಪಿಸಿದ ಇಟಿಯೋಸ್ ಕಾರು 2010ರಲ್ಲಿ ಬಂತು. 2020ರಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಜಾರಿಯಾಗುವ ಹೊತ್ತಿಗೆ ನಿಂತೇ ಹೋಯಿತು. 2022ರಿಂದ ಸುಜುಕಿ ಜೊತೆಗೂಡಿ ಮಾಡಿದ ಟೊಯೊಟಾ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ ಇಲ್ಲಿ ತಯಾರಾಗತೊಡಗಿದವು. ಎಂಜಿನ್ ಜೊತೆ ಮೋಟರೂ ಇರುವ ಹೈಬ್ರಿಡ್ ಗಾಡಿಗಳ ಇ-ಡ್ರೈವ್, ಅಂದರೆ ಮೋಟರಿನಿಂದ ಚಕ್ರ ತಿರುಗಿಸುವ ಭಾಗ, ಕೂಡ ಬಿಡದಿಯಲ್ಲೇ ಆಗುತ್ತದೆ, ಅದು ನಮಗೆ ಹೆಮ್ಮೆ. ಆದರೆ ಸುಜುಕಿ ಜೊತೆಗಿನ ಎಲೆಕ್ಟ್ರಿಕ್ ಎಸ್‌ಯುವಿ ಹೋಗಿದ್ದು ಗುಜರಾತಿನ ಹನ್ಸಲ್‌ಪುರಕ್ಕೆ. 2023ರ ನವೆಂಬರಿನಲ್ಲಿ ಬಿಡದಿಯ ಮೂರನೇ ಕಾರ್ಖಾನೆಗೆ 3,300 ಕೋಟಿ ಅಂದರು. ಮರುವರ್ಷವೇ ಮಹಾರಾಷ್ಟ್ರದಲ್ಲಿ ಸುಮಾರು 20,000 ಕೋಟಿಯ ಒಪ್ಪಂದಕ್ಕೆ ಸಹಿ ಬಿತ್ತು.

ಸಹಿ ಹಾಕುವಾಗ ಕೋಟಿಗಳ ಮಾತು, ಎಷ್ಟು ಜನಕ್ಕೆ ಕೆಲಸ ಅನ್ನೋ ಮಾತು ಬರುತ್ತದೆ. ಇಲ್ಲಿ ಯಾವ ಪ್ಲಾಟ್‌ಫಾರ್ಮಿನ ಗಾಡಿ, ಎಷ್ಟು ವರ್ಷ ಅಂತ ಯಾರಾದರೂ ಕೇಳುತ್ತಾರಾ? ನೀವು ಕೇಳಬೇಕು. ಜಾಗ, ನೀರು, ತೆರಿಗೆ ರಿಯಾಯಿತಿ ಕೊಡುವವರಿಗೆ ಕೇಳುವ ಹಕ್ಕಿದೆ ಅಲ್ವಾ?

ದೊಡ್ಡ ಸಪ್ಲೈಯರ್‌ಗಳಿಗೆ ಹೊಸ ಡ್ರಾಯಿಂಗ್ ಮೊದಲೇ ಸಿಗುತ್ತದೆ. ಅವರಿಂದ ಕೆಲಸ ತಗೊಳ್ಳುವ ನಮ್ಮಂಥ ಶಾಪುಗಳಿಗೆ ಸುದ್ದಿ ತಲುಪುವುದು ಆರ್ಡರ್ ಕಮ್ಮಿಯಾದ ಮೇಲೆ. ಅಷ್ಟರಲ್ಲಿ ಮಾಲೀಕರು ಬ್ಯಾಂಕ್ ಸಾಲ ಮಾಡಿ ಹಳೇ ಕೆಲಸಕ್ಕೇ ಇನ್ನೊಂದು ಮಷಿನ್ ತಂದಿರುತ್ತಾರೆ. ಎರಡು ವರ್ಷ ಮೊದಲು ತಿಳಿದರೆ ಆ ಸಾಲದಲ್ಲಿ ಬೇರೆ ಮಷಿನ್ ತರಬಹುದು. ಇ-ಡ್ರೈವಿಗೂ ಶಾಫ್ಟ್ ಬೇಕು, ಗೇರ್ ಬೇಕು. ಅಳತೆ ಇನ್ನೂ ಬಿಗಿ, ಅಷ್ಟೇ. ಕಲಿಯಲು ನಾವು ತಯಾರಿದ್ದೇವೆ. ಐಟಿಐಯಲ್ಲಿ ಓದುತ್ತಿರುವ ಹುಡುಗರಿಗೂ ಈಗಲೇ ಅದನ್ನು ಕಲಿಸಬೇಕು.

ದಯವಿಟ್ಟು ಮುಂದಿನ ಒಪ್ಪಂದದಲ್ಲಿ ಒಂದು ಷರತ್ತು ಹಾಕಿ. ಮಾಡೆಲ್ ಬದಲಾಗುವ ಎರಡು ವರ್ಷ ಮೊದಲು, ಯಾವ ಬಗೆಯ ಬಿಡಿಭಾಗದ ಕೆಲಸ ನಿಲ್ಲುತ್ತದೆ, ಯಾವುದು ಬರುತ್ತದೆ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ತಿಳಿಸಬೇಕು. ಗಾಡಿಯ ಹೆಸರು, ಡಿಸೈನ್ ಗುಟ್ಟಾಗಿಯೇ ಇರಲಿ. ಕೇಂದ್ರದವರು ಸಣ್ಣ ಶಾಪುಗಳ ಮಾಲೀಕರನ್ನು ಕರೆದು ಹೇಳಲಿ.

ಇಂತಿ,
ಬಿಡದಿಯ ಒಬ್ಬ ಲೇತ್ ಕೆಲಸಗಾರ